ಓರಿನ್ ಬಳಿದ ಹಸಿರು ದೋಣಿ

"ಸಾಯಂಕಾಲ ಗುಜರಿ ಲಾರಿ ಬರುತ್ತೆ. ಅಷ್ಟರೊಳಗೆ ಆ ದೋಣಿ ಕಣ್ಣಲ್ಲಿ ನೋಡೋ ಹಾಗಾದ್ರೆ ಸರಿ. ಇಲ್ಲಾಂದ್ರೆ ಹತ್ತಿಸಿ ಕಳಿಸ್ತೀನಿ" ಅಂದಳು ಅರ್ಡಿಸ್, ಗಂಡನ ಮುಂದೆ ತಿಂಡಿ ತಟ್ಟೆ ಕುಕ್ಕಿ.

ಅರ್ಡಿಸ್ ಮಾತು ಅಂದ್ರೆ ನಮ್ಮ ಮಿನ್ನೆಸೋಟದ ಚಳಿ ಇದ್ದ ಹಾಗೆ. ಬಂತು ಅಂದ್ರೆ ಬೇಡಿಕೊಂಡ್ರೂ ಹೋಗಲ್ಲ.

ಓರಿನ್ ತಿಂಡಿ ಬಿಟ್ಟು ಎದ್ದ. ಅದು ಅವನಪ್ಪನ ಅಲ್ಯುಮಿನಿಯಂ ದೋಣಿ. ಹಿಡಿದ ಒಂದೊಂದು ದೊಡ್ಡ ಮೀನಿಗೂ ಅಪ್ಪ ಕೂರೋ ಹಲಗೆ ಮೇಲೆ ಚಾಕುವಲ್ಲಿ ಒಂದೊಂದು ಗೀರು ಎಳೆದಿದ್ದ. ಮದುವೆಯಾದ ಮೇಲೆ ಓರಿನ್‌ಗೆ ಈ ಭೂಮಿ ಮೇಲೆ ನೆಮ್ಮದಿಯಾಗಿ ಕೂರೋಕೆ ಇದ್ದ ಜಾಗ ಅದೊಂದೇ, ಅದೂ ನೀರಿನ ಮೇಲೆ. ನಾಳೆ ಬೆಳಗಾದ್ರೆ ಮೀನು ಹಿಡಿಯೋ ಕಾಲ ಶುರು, ವರ್ಷದ ಮೊದಲನೇ ಗಾಳ. ಆ ದಿನ ನೀರಿಗಿಳಿಯದ ಗಂಡಸನ್ನ ನಮ್ಮೂರಲ್ಲಿ ಹೆಣದ ಲೆಕ್ಕಕ್ಕೇ ಸೇರಿಸೋದು.

ಚಳಿಗಾಲ ಮುಗಿದು ಕೆರೆ ಮೇಲಿನ ಮಂಜುಗಡ್ಡೆ ಒಡೆದು ದಡಕ್ಕೆ ನುಗ್ಗಿದಾಗ ಬೋರಲು ಹಾಕಿದ್ದ ದೋಣಿಗಳನ್ನೆಲ್ಲ ದೂಡಿಕೊಂಡು ಹೋಗಿತ್ತು. ಒಂದು ಬರ್ಚ್ ಮರದ ಬುಡದಲ್ಲಿ, ಇನ್ನೊಂದು ಜೊಂಡಿನಲ್ಲಿ. ಓರಿನ್ ಬರ್ಚ್ ಮರದ ಹತ್ತಿರ ಬಕೆಟ್ ಇಟ್ಟ, ವಿನೆಗರ್ ಸುರಿದ, ತಂತಿ ಬ್ರಷ್ ಹಿಡಿದು ಉಜ್ಜೋಕೆ ಶುರುಮಾಡಿದ. ದೋಣಿ ಮೇಲೆ ಇದ್ದ ಪಾಚಿಯಲ್ಲಿ ಹಸು ಮೇಯಬಹುದಿತ್ತು. ಆ ಕರ್ರ್ ಕರ್ರ್ ಸದ್ದಿಗೆ, ಯಾರೋ ಆನೆಗೆ ಹಲ್ಲುಜ್ಜಿಸ್ತಿದ್ದಾರೇನೋ ಅಂದುಕೊಂಡೆ ಎದುರುಮನೆಯ ನಾನು.

ಸದ್ದು ಕೇಳಿ ಪಕ್ಕದ ಮನೆ ಡೆಲ್ಬರ್ಟ್ ಕುರ್ಚಿ, ಕಾಫಿ ಫ್ಲಾಸ್ಕು ಹಿಡ್ಕೊಂಡು ಬಂದ. ಅವನದೂ ಅಂಥದ್ದೇ ದೋಣಿ. ಇಬ್ಬರ ಅಪ್ಪಂದಿರೂ ಜೊತೆಗೆ ಹೋಗಿ ತಂದದ್ದು.

"ಕಾಫಿ ಕುಡೀತೀಯಾ?"

"ಬೇಡ."

"ಬಿಸಿಯಾಗಿದೆ ಕಣೋ."

"ಅಯ್ಯೋ, ನಿನಗ್ಯಾಕೆ ತೊಂದ್ರೆ."

"ಒಂದು ಗುಟುಕು?"

"ಸರಿ, ಹಾಕು ಹಾಗಾದ್ರೆ."

ನಮ್ಮ ಕಡೆ ಪದ್ಧತಿನೇ ಅದು. ಎರಡು ಸಲ ಬೇಡ ಅನ್ನಬೇಕು, ಮೂರನೇ ಸಲಕ್ಕೆ ತಗೋಬೇಕು. ಮೊದಲನೇ ಸಲಕ್ಕೇ ಹೂಂ ಅಂದವನನ್ನ ಮೂರು ತಲೆಮಾರು ಆಡ್ಕೋತಾರೆ.

ಡೆಲ್ಬರ್ಟ್ ಕೂತ. ಬಾಯಿ ಮಾತ್ರ ಎದ್ದು ಕೆಲಸ ಮಾಡ್ತು.

"ಮುಂದಗಡೆ ಮಾಸಿರೋ ರಿಜಿಸ್ಟರ್ ನಂಬರೂ ಕೆರೆದುಬಿಡಪ್ಪ. ಹೊಸದಾಗಿ ಬರೆದ್ರಾಯ್ತು."

ಓರಿನ್ ಕೆರೆದ.

"ಪ್ರೈಮರ್ ಹಾಕದೆ ಬಣ್ಣ ಬಳಿದೀಯ, ಹುಷಾರು. ಹಾವಿನ ಪೊರೆ ಥರ ಕಳಚ್ಕೊಳ್ಳುತ್ತೆ."

ಓರಿನ್ ಪ್ರೈಮರ್ ಹೊಡೆದ. ಬಿಸಿಲು ಅವನ ಬೋಳುತಲೆ ಮೇಲೆ ರೊಟ್ಟಿ ಸುಡ್ತಾ ಇತ್ತು. ಬೂದು ಬಣ್ಣದ ಡಬ್ಬಿ ಮುಚ್ಚಳ ತೆಗೆದ.

"ಥೂ, ಸತ್ತ ಮೀನಿನ ಬಣ್ಣ. ಹಸಿರು ಹಾಕೋ. ನನಗೆ ಹಸಿರು ಅಂದ್ರೆ ಪ್ರಾಣ."

"ನಿನಗೆ ಪ್ರಾಣ ಆದ್ರೆ ನನಗೇನೋ? ಬಳೀತಿರೋನು ನಾನು!"

ಡೆಲ್ಬರ್ಟ್ ಕಾಫಿ ಮುಗಿಸಿದ. ಎದ್ದುಹೋಗಿ, ತನ್ನ ಕೊಟ್ಟಿಗೆಯಿಂದ ಹಸಿರು ಡಬ್ಬಿ ತಂದುಕೊಟ್ಟ. ಪುಕ್ಕಟೆ ಬಂದದ್ದು ಅಂತ ಓರಿನ್ ಅದನ್ನೇ ಬಳಿದ. ಊರಿನ ಸೊಳ್ಳೆಗಳೆಲ್ಲ ಬಂದು ಬಣ್ಣಕ್ಕೆ ಅಂಟಿಕೊಂಡ್ವು. ಒಂದೊಂದನ್ನೇ ಉಗುರಲ್ಲಿ ಕಿತ್ತು ತೇಪೆ ಹಾಕಿದ. ಡೆಲ್ಬರ್ಟ್ ನಾಯಿ ಬಂದು ಒರಗಿ ಹಸಿರಾಯ್ತು. ಮತ್ತೆ ತೇಪೆ. ಬೆನ್ನು ಬಿಲ್ಲಾಗಿ, ಮಂಡಿ ನುಗ್ಗಾಗಿ, ಕಿವಿಯೊಳಗೆಲ್ಲ ಬಣ್ಣವಾದ ಮೇಲೆ ದೋಣಿ ಎದ್ದು ಕಾಣ್ತು ನೋಡಿ, ಮದುವೆ ಹೆಣ್ಣಿನ ಹಾಗೆ!

ಅಷ್ಟರಲ್ಲಿ ಗುಜರಿ ಲಾರಿ ಬಂತು.

"ಯಜಮಾನ್ರೆ, ಅಮ್ಮಾವ್ರು ಒಂದು ಹಳೇ ದೋಣಿ ಇದೆ ಅಂದಿದ್ರು."

ಓರಿನ್ ಎದೆ ಉಬ್ಬಿಸಿ ನಿಂತ. "ಇದು ಸಿಗಲ್ಲಪ್ಪ, ನೋಡು ಹೇಗೆ ಹೊಳೀತಿದೆ! ಬರಿಗೈಲಿ ಯಾಕೆ ಹೋಗ್ತೀಯ, ಅಲ್ಲಿ ಜೊಂಡಲ್ಲೊಂದು ದರಿದ್ರ ಬಿದ್ದಿದೆ. ಏನೋ ಡೆಲ್ಬರ್ಟ್, ಹೋದ ವರ್ಷಾನೇ ಬಿಸಾಕ್ತೀನಿ ಅಂತಿದ್ದೆಯಲ್ಲ. ಅದನ್ನ ಇವನು ತಗೊಂಡು ಹೋಗಲಾ?"

"ತಗೊಂಡು ಹೋಗ್ಲಿ. ನಂದೇನೂ ತಕರಾರಿಲ್ಲ."

ಉಪಕಾರ ಮಾಡೋ ಹುಮ್ಮಸ್ಸಿನಲ್ಲಿ ಓರಿನ್ ತಾನೇ ಹೋಗಿ ಒಂದು ತುದಿ ಹಿಡಿದ. ಬೋರಲಾಗೇ ಎತ್ತಿ ಲಾರಿಗೆ ತಳ್ಳಿದ್ರು. ಒಳಗೆ ಸರಿಯದಿದ್ದಾಗ ಒಂದು ಒದೆಯನ್ನೂ ಕೊಟ್ಟ. "ಹೋಗೇ ಮುದುಕಿ!"

ಲಾರಿ ಹೋಯ್ತು. ಬಣ್ಣ ಒಣಗ್ತು. ಅರ್ಡಿಸ್ ನೋಡೋಕೆ ಬಂದಳು. ಮೂರೂ ಜನ ಕೈ ಹಾಕಿ ಹಸಿರು ದೋಣಿನ ಅಂಗಾತ ಮಾಡಿದ್ರು.

ಹಲಗೆ ನುಣ್ಣಗಿತ್ತು. ಒಂದೇ ಒಂದು ಗೀರಿಲ್ಲ. ಕೆಳಗೆ ಡೆಲ್ಬರ್ಟ್ ಹೆಂಡತಿ ಹೊಲಿದಿದ್ದ ಕೆಂಪು ಚೌಕಳಿ ದಿಂಬು ಸಿಕ್ಕಿಕೊಂಡಿತ್ತು.

ಓರಿನ್ ದಿಂಬು ನೋಡಿದ. ರಸ್ತೆ ನೋಡಿದ. ಲಾರಿ ಧೂಳೂ ಇರಲಿಲ್ಲ.

"ಇದು ನಿಂದು" ಅಂದ.

"ಹೂಂ."

"ಬೆಳಗ್ಗೆಯಿಂದ ಗೊತ್ತಿತ್ತಾ?"

"ಗೊತ್ತಿರದೆ ಏನು."

"ಬಾಯಿ ಬಿಟ್ಟು ಹೇಳೋಕೇನೋ ರೋಗ?"

"ಇನ್ನೊಬ್ಬರ ವಿಷಯದಲ್ಲಿ ತಲೆ ಹಾಕೋನಲ್ಲಪ್ಪ ನಾನು."

ಅರ್ಡಿಸ್ ಗುಜರಿಯವನಿಗೆ ಫೋನ್ ಮಾಡಿದಳು. ಆಗಲೇ ಅಪ್ಪಚ್ಚಿ ಮಾಡಿಯಾಗಿತ್ತಂತೆ, ಅಪ್ಪನ ಗೀರುಗಳನ್ನೂ ಸೇರಿಸಿ. ಫೋನಿಟ್ಟು ಬಂದು ಹಸಿರು ದೋಣಿನ ಸುತ್ತು ಹಾಕಿದಳು. "ಬಣ್ಣ ಮಾತ್ರ ಚೆನ್ನಾಗಿ ಬಂದಿದೆ ಕಣೋ" ಅಂದಳು. ಮದುವೆಯಾದಾಗಿನಿಂದ ಅವಳು ಅವನನ್ನ ಹೊಗಳಿದ್ದು ಅದೊಂದೇ ಸಲ.

ಮಾರನೇ ಬೆಳಗ್ಗೆ ಊರಿಗೂರೇ ನೀರಿನ ಮೇಲಿತ್ತು. ಓರಿನ್ ಗಾಳದ ಕೋಲು ಹಿಡಿದು ದಡದಲ್ಲಿ ನಿಂತಿದ್ದ. ಡೆಲ್ಬರ್ಟ್ ಹಸಿರು ದೋಣಿ ಹತ್ತಿದ.

"ಬರ್ತೀಯೇನೋ ಓರಿನ್?"

"ಬೇಡ ಬಿಡು."

"ಜಾಗ ಇದೆ ಕಣೋ."

"ಅಯ್ಯೋ, ನಿನಗ್ಯಾಕೆ ತೊಂದ್ರೆ" ಅಂದ ಓರಿನ್, ಒಂದು ಕಾಲು ಆಗಲೇ ನೀರಿಗಿಟ್ಟು.

ಡೆಲ್ಬರ್ಟ್ ತಲೆಯಾಡಿಸಿ, ಮೋಟಾರು ಚಾಲೂ ಮಾಡೋ ಹಗ್ಗ ಎಳೆದ.