ನಾಲ್ಕನೇ ಕಾಲಿಗೆ ಕೊಟ್ಟ ಕಾಗದ

ಕಚೇರಿ ಮೇಜಿನ ಮುಂದೆ ಇಪ್ಪತ್ತೆಂಟು ವರ್ಷ ಕುಳಿತವಳು ನಗೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಬೆಳಗಿನ ಟಪಾಲಿನ ಜೊತೆ ಒಳಗೆ ಬಂದು, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಂಡು ಹೋಗುತ್ತದೆ.

ನಾನು ಪಾಲಿಕೆಯಲ್ಲಿ ಗುಮಾಸ್ತೆ. ನನ್ನದು ಪ್ರಶಸ್ತಿ ವಿಭಾಗ. ವಿಭಾಗ ಅಂದರೆ ನಾನು, ಒಂದು ಕಪಾಟು, ಮತ್ತು ನಿವೃತ್ತಿಗೆ ಬಂದ ಒಬ್ಬ ಜವಾನ. ಅವರಿಗೆ ನಾವೆಲ್ಲ ಕಾಕಾ ಅನ್ನುತ್ತೇವೆ. ಹಾಡುವವರಿಗೆ, ಕುಸ್ತಿ ಆಡುವವರಿಗೆ ಶಾಲು ಹೊದಿಸಿ ಹೊದಿಸಿ ನಮ್ಮಿಬ್ಬರ ಕೈ ಪಳಗಿದೆ. ಒಮ್ಮೆ ಸಭೆಯಲ್ಲಿ ಸದಸ್ಯರೊಬ್ಬರು ಎದ್ದು, "ಹಾಡೋರಿಗೆ ಕೊಟ್ವಿ, ಕುಸ್ತಿ ಹಿಡಿಯೋರಿಗೆ ಕೊಟ್ವಿ. ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ ಅಂತ ತಲಿ ಕೆಡಿಸಿಕೊಂಡವರು ಏನ್ ಪಾಪ ಮಾಡ್ಯಾರ್ರೀ?" ಎಂದರು. ಯಾರಿಗೂ ಉತ್ತರ ಹೊಳೆಯಲಿಲ್ಲ. ಆದ್ದರಿಂದ ಠರಾವು ಪಾಸಾಯಿತು.

ತಕ್ಕಡಿ ಚಾಚಾ

'ನಿಖರ ವಿಜ್ಞಾನಗಳ ಸಂಶೋಧಕರಿಂದ ಅರ್ಜಿ ಆಹ್ವಾನಿಸಲಾಗಿದೆ' ಎಂದು ಪ್ರಕಟಣೆ ಕೊಟ್ಟೆವು. ಮೂರನೇ ದಿನ ಮೊದಲ ಅರ್ಜಿದಾರರು ಬಂದರು. ಬಿಳಿ ಗಡ್ಡ, ತಲೆಗೆ ಟೊಪ್ಪಿಗೆ, ಬಗಲಲ್ಲಿ ಒಂದು ಹಿತ್ತಾಳೆ ತಕ್ಕಡಿ. ಪೇಟೆಯಲ್ಲಿ ತಕ್ಕಡಿ ದುರಸ್ತಿ ಮಾಡುವ ಚಾಚಾ.

"ಬಾಯಾರ, ನಿಖರ ಅಂದ್ರ ನಾನರಿ. ಒಂದು ಸಾಸಿವಿ ಕಾಳು ಹೆಚ್ಚು ಕಡಿಮಿ ಆದ್ರ ನನಗ ನಿದ್ದಿ ಬರೂದಿಲ್ಲ."

"ಚಾಚಾ, ಸಂಶೋಧನಾ ಮಾಡಿರಬೇಕ್ರಿ."

"ಮಾಡೇನಲ್ರಿ! ಪ್ಯಾಟ್ಯಾಗ ಯಾರ ತಕ್ಕಡಿ ಎಷ್ಟು ಕಡಿಮಿ ತೂಗತೈತಿ ಅಂತ ನಲವತ್ತು ವರ್ಷದಿಂದ ಬರದಿಟ್ಟೇನಿ."

"ಅದು ಎಲ್ಲಾದ್ರೂ ಪ್ರಕಟ ಆಗಿರಬೇಕಲ್ರಿ."

ಚಾಚಾ ಆ ಕಡೆ ಈ ಕಡೆ ನೋಡಿ, ದನಿ ಇಳಿಸಿದರು. "ಪ್ರಕಟ ಮಾಡಿದ್ರ ನಾ ಪ್ಯಾಟ್ಯಾಗ ಉಳಿತೇನೇನ್ರಿ?"

ನನಗೆ ಮನುಷ್ಯ ಬಹಳ ಹಿಡಿಸಿದರು. ಚಹಾ ತರಿಸಿದೆ. ಕಪ್ಪು ಮೇಜಿನ ಮೇಲೆ ಇಟ್ಟ ಕೂಡಲೇ ಮೇಜು ಅಲ್ಲಾಡಿ ಚಹಾ ತುಳುಕಿತು. ಚಾಚಾ ತಮ್ಮ ಅರ್ಜಿಯನ್ನೇ ನಾಲ್ಕು ಮಡಿಕೆ ಮಾಡಿ ಬಗ್ಗಿ ಮೇಜಿನ ಕಾಲಿನ ಕೆಳಗೆ ತುರುಕಿದರು. "ಹೆಂಗೂ ನನಗ ಪ್ರಶಸ್ತಿ ಬರೂದಿಲ್ಲ. ಅರ್ಜಿಗಾದ್ರೂ ಒಂದು ನೌಕರಿ ಸಿಗಲಿ" ಎಂದು ಹೇಳಿ, ತಕ್ಕಡಿ ಎತ್ತಿಕೊಂಡು ಹೋದರು.

ಮೊದಲಿನ ಫೋಟೊ, ನಂತರದ ಫೋಟೊ

ಆಯ್ಕೆ ಸಮಿತಿಯಲ್ಲಿ ಬಲ್ಲವರು ಇದ್ದರು. ಅವರು ಗೋಪನಕೊಪ್ಪದಲ್ಲಿ ಮನೆ ಮಾಡಿಕೊಂಡಿರುವ, ಕಾಲೇಜೊಂದರಲ್ಲಿ ಗಣಿತ ಕಲಿಸುವ ಒಬ್ಬ ಪ್ರಾಧ್ಯಾಪಕಿಯನ್ನು ಆರಿಸಿದರು. ಕಡತ ಮೇಲೆ ಹೋಯಿತು, ಎಂಟು ದಿನಕ್ಕೆ ಕೆಳಗೆ ಬಂತು. ಅಂಚಿನಲ್ಲಿ ಷರಾ: 'ಕಾಮಗಾರಿಯ ಮೊದಲಿನ ಹಾಗೂ ನಂತರದ ಫೋಟೊ ಲಗತ್ತಿಸಿಲ್ಲ. ಸ್ಥಳ ಪರಿಶೀಲನೆ ಆಗಿಲ್ಲ.'

ನಮ್ಮಲ್ಲಿ ಯಾವ ಕಡತವೇ ಆಗಲಿ, ಗಟಾರ ಕಟ್ಟಿದ ನಮೂನೆಯಲ್ಲೇ ಸಾಗಬೇಕು. ವಾದ ಮಾಡುವುದಕ್ಕಿಂತ ಹೋಗಿ ಬರುವುದು ಲಗೂ ಆಗುತ್ತದೆಂದು ಇಂಜಿನಿಯರ್ ಸಾಹೇಬರನ್ನು ಕರೆದುಕೊಂಡು ಪ್ರಾಧ್ಯಾಪಕಿ ಬಾಯಿಯವರ ಮನೆಗೆ ಹೋದೆ. ಒಂದು ಕೋಣೆ, ಗೋಡೆಗೆ ಕರಿಹಲಗೆ, ಕಾಗದದ ರಾಶಿ. ಸಾಹೇಬರು ಅಳತೆಯ ಟೇಪು ಹಿಡಿದುಕೊಂಡೇ ನಿಂತರು.

"ಮ್ಯಾಡಂ, ನೀವು ಕಂಡು ಹಿಡದದ್ದು ಏನ್ರಿ?"

"ಒಂದು ಸಮೀಕರಣಕ್ಕ ಉತ್ತರ ಐತಿ ಅಂತ ಸಾಧಿಸೇನ್ರಿ. ಐವತ್ತು ಅರವತ್ತು ಪುಟದ ಸಾಧನಾ."

"ಭಾಳ ಛಲೋ. ಉತ್ತರ ಎಷ್ಟು?"

"ಅದು ಗೊತ್ತಿಲ್ರಿ."

"ಗೊತ್ತಿಲ್ಲ?"

"ಐತಿ ಅನ್ನೂದು ಖರೇ. ಏನೈತಿ ಅನ್ನೂದು ಗೊತ್ತಿಲ್ಲ."

ಕಡತ ಇಲ್ಲಿಗೆ ಸತ್ತಿತು ಅಂದುಕೊಂಡೆ. ಆದರೆ ಸಾಹೇಬರ ಮುಖ ಅರಳಿತು. ಕುರ್ಚಿ ಎಳೆದುಕೊಂಡು ಕೂತೇಬಿಟ್ಟರು. "ಅಂದ್ರ ನಮ್ಮ ಹಳೇ ನೀರಿನ ವಾಲ್ವ್ ಇದ್ದಂಗ! ಐತಿ ಅಂತ ನಕಾಶೆದಾಗ ಐತಿ. ಎಲ್ಲೈತಿ ಅಂತ ದೇವರಿಗೂ ಗೊತ್ತಿಲ್ಲ. ಮೂರು ಸಲ ರೋಡ್ ಅಗದೇವ್ರಿ ಮ್ಯಾಡಂ. ನಿಮ್ಮ ಕಷ್ಟ ನನಗ ತಿಳಿತೈತಿ."

ಆಮೇಲೆ ಅವರೇ ಮುಂದಾಗಿ ಕರಿಹಲಗೆಯನ್ನು ಒರೆಸಿಸಿ ಒಂದು ಫೋಟೊ, ತುಂಬ ಬರೆಸಿ ಒಂದು ಫೋಟೊ ತೆಗೆದರು. ಕೆಳಗೆ ಸ್ವಂತ ಕೈಯಲ್ಲಿ ಬರೆದರು: 'ಕಾಮಗಾರಿ ಪೂರ್ಣಗೊಂಡಿದೆ. ಗುಣಮಟ್ಟ ತೃಪ್ತಿಕರ.'

ಏಳನೇ ಸಲದ ನಾಲ್ಕು ಸಾಲು

ಹೊರಡುವಾಗ ಆ ಬಾಯಿ ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದರು.

"ಸಮಾರಂಭಕ್ಕ ನಮ್ಮಪ್ಪಾರು ಬರ್ತಾರ್ರಿ. ಅಮ್ಮಿನಬಾವ್ಯಾಗ ಹತ್ತಿ ವ್ಯಾಪಾರ ಮಾಡಿದವರು. ಮಗಳು ಏನ್ ಮಾಡ್ತಾಳ ಅಂತ ಯಾರಾದ್ರೂ ಕೇಳಿದ್ರ, ಕಾಲೇಜಿನ್ಯಾಗ ಅದಾಳ ಅಂತ ಹೇಳಿ ಮಾತು ತಿರುವ್ತಾರ. ನಾ ಹೇಳಾಕ ಹೋದ್ರ, 'ಉತ್ತರಾನ ಗೊತ್ತಿಲ್ಲಂದ್ರ ಪಗಾರ ಯಾಕ ಕೊಡ್ತಾರವ್ವಾ?' ಅಂತಾರ. ಇಪ್ಪತ್ತು ವರ್ಷ ಆತ್ರಿ. ಶಾಲು ಇರಲಿ ಬಿಡಲಿ, ನಾಲ್ಕು ಸಾಲು ಅವರಿಗೆ ತಿಳಿಯೂ ಹಂಗ ವೇದಿಕಿ ಮ್ಯಾಲೆ ಹೇಳ್ರಿ. ನಿಮ್ಮ ಕಾಲಿಗೆ ಬೀಳ್ತೇನಿ."

ಅಷ್ಟು ಓದಿದ ಹೆಣ್ಣುಮಗಳ ಕಣ್ಣಲ್ಲಿ ನೀರು ಬಂದಿತ್ತು. ನಿರೂಪಣೆ ನನ್ನದೇ. "ನಾ ಹೇಳ್ತೇನ್ರಿ" ಎಂದು ಮಾತು ಕೊಟ್ಟು ಬಂದೆ.

ಚೌಕಟ್ಟಿನ ಬಿನ್ನವತ್ತಳೆಯನ್ನು ನಂಬುವ ಹಾಗಿರಲಿಲ್ಲ. ಅದು ಹಿಂದೆ ಸಂಗೀತಗಾರರಿಗೆ ಕೊಟ್ಟದ್ದರ ನಕಲು. 'ಗಾನಸುಧೆ' ಇದ್ದಲ್ಲಿ 'ಗಣಿತಸುಧೆ' ಬಂದಿತ್ತು, 'ಮಧುರ ಕಂಠದ' ಎಂಬುದು ಹಾಗೇ ಉಳಿದಿತ್ತು. ಆದ್ದರಿಂದ ನಾಲ್ಕು ಸಾಲನ್ನು ಬೇರೆ ಹಾಳೆಯಲ್ಲಿ ನಾನೇ ಬರೆದೆ. ಬರೆದು ಕಾಕಾಗೆ ಓದಿ ಹೇಳಿದೆ. ಕಾಕಾ ಕಣ್ಣು ಮುಚ್ಚಿ ಕೇಳಿ, "ಭಾಳ ಛಲೋ ಐತ್ರಿ" ಎಂದರು.

"ಏನ್ ತಿಳೀತು ಕಾಕಾ?"

"ಯಾರೋ ದೊಡ್ಡವರು ತೀರಿಕೊಂಡಾರ ಅಂತ ತಿಳೀತ್ರಿ."

ಹರಿದು ಮತ್ತೆ ಬರೆದೆ. ಹೀಗೆ ಆರು ಹಾಳೆ ಬುಟ್ಟಿಗೆ ಹೋದವು. ಏಳನೆಯದನ್ನು ಕೇಳಿ ಕಾಕಾ ತಲೆ ಕೆರೆದುಕೊಂಡರು. "ಅಂದ್ರ, ಹುಡುಕೂದಕಿಂತ ಮೊದಲ ಅದು ಐತೋ ಇಲ್ಲೋ ಅಂತ ಗ್ಯಾರಂಟಿ ಕೊಡವರು. ಇಲ್ಲದ್ದನ್ನ ಹುಡುಕಿ ಮಂದಿ ಸಾಯೂದು ತಪ್ಪಸ್ತಾರ. ಹೌದಲ್ರಿ?"

ನಾನು ಬರೆದದ್ದನ್ನು ಹೊಡೆದು ಹಾಕಿ ಕಾಕಾ ಹೇಳಿದ್ದನ್ನೇ ಬರೆದುಕೊಂಡೆ.

ನಾಲ್ಕನೇ ಕಾಲು

ಸಭಾಭವನಕ್ಕೆ ಸುಣ್ಣ ಹಚ್ಚುತ್ತಿದ್ದರು. ಹೀಗಾಗಿ ಸಮಾರಂಭ ಹೊರಗೆ, ಪೆಂಡಾಲಿನಲ್ಲಿ. ಅಂಗಳದ್ದು ಧೂಳೇಳದಂತೆ ನೀರು ಹೊಡೆದ ಎರೆಮಣ್ಣು, ಮೇಲೆ ಜಮಖಾನೆ. ಅತಿಥಿಗಳ ಕುರ್ಚಿಗಳ ಮುಂದೆ ಒಂದು ಚೌಕನೆಯ ಮೇಜು. ಅದರ ಮೇಲೆ ಹಣ್ಣಿನ ಬುಟ್ಟಿ, ಫೇಡೆ, ಸ್ಮರಣಿಕೆ. ಮುಂದಿನ ಸಾಲಿನಲ್ಲಿ ಧೋತರ, ಬಿಳಿ ರುಮಾಲಿನ ಯಜಮಾನರು, ಅಂದರೆ ಬಾಯಿಯವರ ಅಪ್ಪ, ಕಿವಿಯ ಹಿಂದೆ ಕೈ ಇಟ್ಟುಕೊಂಡು ಈಗಲೇ ಕೇಳಲು ಕೂತಿದ್ದರು. ಅವರ ಪಕ್ಕದಲ್ಲಿ ನಾನು ಕರೆದಿದ್ದ ತಕ್ಕಡಿ ಚಾಚಾ.

ಸ್ವಾಗತ, ಹಾರ ಎಲ್ಲ ಆಯಿತು. ಈಗ ನಾಲ್ಕು ಸಾಲು. ಕೈ ನೋಡಿದೆ, ಹಾಳೆ ಇಲ್ಲ. ಕಡತ ನೋಡಿದೆ, ಚೀಲ ನೋಡಿದೆ. ಮೂಲೆಯಲ್ಲಿ ನಿಂತಿದ್ದ ಕಾಕಾ ಕಣ್ಣಲ್ಲೇ ಮೇಜಿನ ಕೆಳಗೆ ತೋರಿಸಿದರು.

ಆಗ ನೆನಪಾಯಿತು. ಕಾರ್ಯಕ್ರಮಕ್ಕೆ ಮೊದಲು ಮೇಜು ಅಲ್ಲಾಡುತ್ತಿತ್ತು. ಇಪ್ಪತ್ತೆಂಟು ವರ್ಷದ ಚಟ. ಕೈಯಲ್ಲಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕಾಲಿಗೆ ಕೊಟ್ಟಿದ್ದೆ. ನಿಂತ ಮೇಜನ್ನು ನೋಡಿ ಹೆಮ್ಮೆಯನ್ನೂ ಪಟ್ಟಿದ್ದೆ!

ಮುಖ್ಯ ಅತಿಥಿಗಳ ಪಾದದ ಬುಡದಲ್ಲಿ ಬಗ್ಗಿ ಹಾಳೆ ಎಳೆದೆ. ಮೇಜು ವಾಲಿತು, ಬುಟ್ಟಿ ಉರುಳಿತು, ಮೋಸಂಬಿಗಳು ಅತಿಥಿಗಳ ಮಡಿಲು ಸೇರಿದವು. ಹಾಳೆ ಕೈಗೆ ಬಂತು. ಜಮಖಾನೆಯ ಹಸಿಗೆ ಶಾಯಿ ಕಲಸಿಹೋಗಿ ಒಂದಕ್ಷರವೂ ಉಳಿದಿರಲಿಲ್ಲ. ಬಾಯಿಪಾಠ ಇದ್ದದ್ದೂ ಆ ಗಾಬರಿಯಲ್ಲಿ ಹಾರಿಹೋಯಿತು. ಮೈಕಿನ ಮುಂದೆ ಅಳುವುದೊಂದೇ ಬಾಕಿ.

ಪ್ರಾಧ್ಯಾಪಕಿ ಬಾಯಿ ಎದ್ದು ಬಂದರು. ಸಿಟ್ಟಿಲ್ಲ. ಅಲ್ಲಾಡುವ ಮೇಜನ್ನೇ ನೋಡುತ್ತಿದ್ದರು.

"ಅಪ್ಪಾ, ಇಲ್ಲಿ ಬರ್ರಿ. ಈ ಮೇಜಿನ ಕಾಲು ನಾಲ್ಕೂ ಸಮ ಅದಾವ. ನೆಲ ಉಬ್ಬು ತಗ್ಗು ಐತಿ. ಕಾಗದ ಗೀಗದ ಏನೂ ಬ್ಯಾಡ. ಇದ್ದಲ್ಲೇ ಸಾವಕಾಶ ತಿರುವ್ರಿ. ಸುತ್ತಿನ ನಾಲ್ಕನೇ ಒಂದು ಭಾಗ ತಿರುಗೂದ್ರೊಳಗ ಎಲ್ಲೋ ಒಂದು ಕಡೆ ನಾಲ್ಕೂ ಕಾಲು ಊರತಾವ. ಎಲ್ಲಿ ಅಂತ ಈಗ ಹೇಳಾಕ ನನಗ ಆಗೂದಿಲ್ಲ. ಆದ್ರ ಐತಿ."

ಒಂದು ಕಡೆ ಯಜಮಾನರು ಹಿಡಿದರು, ಇನ್ನೊಂದು ಕಡೆ ಚಾಚಾ. ತಿರುಗಿಸಿದರು, ಅಲ್ಲಾಡಿತು. ಇನ್ನಷ್ಟು, ಅಲ್ಲಾಡಿತು. ಇನ್ನೊಂದು ಗೇಣು ತಿರುಗಿಸಿದ್ದೇ ತಡ, ಮೇಜು ನೆಲಕ್ಕೆ ಬೇರು ಬಿಟ್ಟ ಹಾಗೆ ನಿಂತಿತು. ಯಜಮಾನರು ವ್ಯಾಪಾರದ ಮನುಷ್ಯ, ಅಷ್ಟಕ್ಕೆ ನಂಬುವವರಲ್ಲ. ಒಂದೊಂದೇ ಮೂಲೆ ಒತ್ತಿ ನೋಡಿದರು. ಚಾಚಾ ಬಗ್ಗಿ ಕಾಲು ನೋಡಿ, "ಖರೇ ಐತ್ರಿ ಯಜಮಾನ್ರ" ಎಂದು ತೀರ್ಪು ಕೊಟ್ಟರು.

"ಇದ ಏನವ್ವಾ ನಿನ್ನ ಕೆಲಸ?"

"ಇದರ ದೊಡ್ಡಣ್ಣನ ಕೂಡ ಗುದ್ದಾಡತೇನಿ ಅಪ್ಪಾ."

"ಮತ್ತ ಇಪ್ಪತ್ತು ವರ್ಷ ಯಾಕ ಹೇಳಲಿಲ್ಲ?" ಎಂದ ಯಜಮಾನರು, ಹಾರ ಹಾಕಿದ ಮಗಳ ತಲೆ ಮೇಲೆ ಕೈ ಇಟ್ಟರು. ನಾನು ಮೈಕು ಹಿಡಿದುಕೊಂಡೇ ಅತ್ತೆ.

ಆದರೆ ಮೇಜು ಈಗ ಓರೆಯಾಗಿ ನಿಂತಿತ್ತು, ಮರಳಿ ತಿರುಗಿಸಲು ಯಾರಿಗೂ ಧೈರ್ಯವಿಲ್ಲ. ಅದರ ಸಂಗಡ ಕುರ್ಚಿಗಳನ್ನೂ ಓರೆ ಮಾಡಿದೆವು. ಹೀಗಾಗಿ ಫೋಟೊದಲ್ಲಿ ಗಣ್ಯರೆಲ್ಲ ಜನರನ್ನು ಬಿಟ್ಟು ಪಾಲಿಕೆಯ ನೀರಿನ ಟಾಕಿಯನ್ನು ನೋಡುತ್ತಿದ್ದಾರೆ.

ಅಮ್ಮಿನಬಾವಿಯ ಹೊರಸು

ಎಂಟು ದಿನಕ್ಕೆ ಯಜಮಾನರ ಫೋನು ಬಂತು.

"ತಂಗೀ, ನಮ್ಮ ಪಡಸಾಲ್ಯಾಗ ಒಂದು ಹೊರಸು ಐತಿ. ಮಣ್ಣಿನ ನೆಲ. ಮೂವತ್ತು ವರ್ಷ ಒಂದು ಕಾಲಿನ ಬುಡಕ ಹಂಚಿನ ತುಂಡು ಇಟ್ಟು ಮಲಗೇನಿ. ಮೊನ್ನೆ ತುಂಡು ಒಗದು, ಮಗಳು ಹೇಳಿದಂಗ ತಿರುವಿದೆ. ನಿಂತು ಬಿಡ್ತು!"

"ಭಾಳ ಛಲೋ ಆತಲ್ರಿ!"

"ಛಲೋ ಆತು. ಆದ್ರ ಈಗ ಅದು ಬಡಗು ತೆಂಕಾಗಿ ನಿಂತೈತಿ. ಉತ್ತರಕ್ಕ ತಲಿ ಇಟ್ರ ಶಾಸ್ತ್ರಕ್ಕ ಬರೂದಿಲ್ಲ. ದಕ್ಷಿಣಕ್ಕ ಇಟ್ರ ಕಾಲು ದೇವರ ಕೋಣಿಗೆ ಬರ್ತಾವ."

"ಹಂಗಾರ ಮೊದಲಿನಂಗ ತಿರುವಿ, ಹಂಚಿನ ತುಂಡು ಇಡ್ರಿ ಯಜಮಾನ್ರ."

"ಏ ಹುಚ್ಚಿ! ಊರ ಮಂದಿ ದಿನಾ ಬಂದು ಒತ್ತಿ ನೋಡಿ ಹೋಗಾಕತ್ತಾರ. ಈಗ ತುಂಡು ಇಟ್ರ ನನ್ನ ಮಗಳ ಗಣಿತ ತಪ್ಪು ಅನ್ನೂದಿಲ್ಲೇನು?"

"ಮತ್ತ ನೀವು ಎಲ್ಲಿ ಮಲಗತೀರಿ?"

"ನಾ ನೆಲದ ಮ್ಯಾಲೆ ಚಾಪಿ ಹಾಸ್ಕೊಂಡೇನಿ. ಹೊರಸು ಮಾತ್ರ ಒಂದು ಕೂದಲೆಳಿ ಅಲ್ಲಾಡೂದಿಲ್ಲ ನೋಡು!"