ಗಂಟಲಿನ ಮೇಲಿನ ರುಚಿ

ನಮ್ಮ ಕಾಕಾನಷ್ಟು ವೈನನ್ನು ಬಾಯಿಗೆ ಹಾಕಿಕೊಂಡವರು ಆಳಂದ ಸೀಮೆಯಲ್ಲಿ ಇನ್ನೊಬ್ಬರಿರಲಿಲ್ಲ. ಅವನಷ್ಟು ಕಡಿಮೆ ಕುಡಿದವರೂ ಇರಲಿಲ್ಲ!

ಹರೆಯದಲ್ಲಿ ಅವನು ಹೈದರಾಬಾದಿನ ಜಾಗೀರದಾರರೊಬ್ಬರ ಮನೆಯಲ್ಲಿ ಚಾಕರಿಗಿದ್ದ. ಮೇಜಿಗೆ ಹೋಗುವ ಕೆಂಪು ವೈನನ್ನು ಮೊದಲು ಮೂಸಿ, ಸವಿದು, ಒಪ್ಪುವುದು ಅವನ ಕೆಲಸ. ಇಂಥವನನ್ನು ಮದುವೆಯಾದ ನರೋಣಾದ ಕಾಕಿ ಮೊದಲ ದಿನವೇ ದೀಪ ಮುಟ್ಟಿಸಿ ಆಣೆ ಮಾಡಿಸಿದಳು: "ದಾರೂ ಗಂಟಲದ ಕೆಳಗ ಇಳೀಬಾರದ್ರಿ."

ಕಾಕಾ ಸಂತೋಷದಿಂದ ಒಪ್ಪಿದ. ಯಾಕೆ ಒಪ್ಪಬಾರದು? ಗಂಟಲಿನ ಮೇಲೆ ಬಾಯಿ ಇದೆಯಲ್ಲ! ಅಂದಿನಿಂದ ಸವಿಯುವುದು, ಉಗುಳುವುದು. ಆಣೆಯೂ ಉಳಿಯಿತು, ನಾಲಿಗೆಯೂ ಉಳಿಯಿತು.

ಚಾಕರಿ ಬಿಟ್ಟು ಊರಿಗೆ ಬಂದ ಮೇಲೆ ವೈನು ಎಲ್ಲಿಂದ ಬರಬೇಕು? ಮಜ್ಜಿಗೆಯ ಪರೀಕ್ಷೆ ಶುರುವಾಯಿತು. ತಂಬಿಗೆಯನ್ನು ಮೆಲ್ಲಗೆ ತಿರುಗಿಸಿ, ಮೂಗು ಇಳಿಬಿಟ್ಟು, ಕಣ್ಣು ಮುಚ್ಚಿ ತೀರ್ಪು ಕೊಡುವನು: "ಇದು ಸಿಟ್ಟಿನಾಗ ಕಡದ ಮಜ್ಜಗಿ."

"ಖರೇ ಅದರಿ. ನಿಮ್ಮ ಮ್ಯಾಲಿನ ಸಿಟ್ಟರಿ ಅದು," ಎನ್ನುವಳು ಕಾಕಿ.

ನಲವತ್ತೇಳರ ಬೇಸಿಗೆಯಲ್ಲಿ ಅಫಜಲಪುರದ ಅವನ ಗೆಳೆಯ ಗೌಡ ಸೊಲ್ಲಾಪುರದಿಂದ ಅಗ್ಗದ ಕೆಂಪು ವೈನು ತಂದು ಕಾಕಾನನ್ನು ಕರೆಸಿದ. ನಾನೂ ಹೋಗಿದ್ದೆ. ಕಾಕಾ ಹಿತ್ತಾಳೆ ಲೋಟದಲ್ಲಿ ಸವಿದ, ಬಾಯಿ ತುಂಬ ಮುಕ್ಕಳಿಸಿದ, ಅಂಗಳದ ನಿಂಬೆಗಿಡದ ಬುಡಕ್ಕೆ ಉಗುಳಿದ. ಮತ್ತೆ ಸವಿದ, ಮತ್ತೆ ಉಗುಳಿದ.

"ಮೊದಲ ಹುಣಸಿ, ನಡುವ ನೇರಳಿ, ಕಡೀಕ ಗಾಡಿಗಾಲಿ ಕಬ್ಬಿಣ. ಆದ್ರ ಸುಳ್ಳು ಹೇಳಂಗಿಲ್ಲ ಇದು. ಅಗ್ಗದ ಮಾಲಿಗೆ ಇನ್ನೇನು ಬೇಕು?"

ಗೌಡ ಖಾಲಿಯಾಗುತ್ತಿದ್ದ ಬಾಟಲಿ ನೋಡಿ ಕೂಗಿದ: "ಲೇ, ಮಾಲು ನಂದು, ನಿಶಾ ನಿಂಬೀಗಿಡಕ್ಕೇನಲೇ?"

ಆಮೇಲೆ ಗಿಡದ ಕೆಳಗೆ ಕೆದಕಿದ ಕೋಳಿಗಳು ತೂರಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಅಷ್ಟು ಚೆನ್ನಾಗಿ ನೆನಪಿರುವುದರಿಂದಲೇ ಅನುಮಾನ! ಕಂಡೆನೋ, ಹೇಳಿ ಹೇಳಿ ಕಂಡಂತಾಯಿತೋ?

ಮುಂದಿನದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ನಲವತ್ತೆಂಟರ ರಜಾಕಾರರ ಗದ್ದಲದಲ್ಲಿ ಕಾಲೇಜು ಮುಚ್ಚಿದ್ದರಿಂದ ನಾನು ಊರಲ್ಲಿದ್ದೆ. ಕಾಕಿಗೆ ಬಿಡದ ಜ್ವರ. ಅನ್ನ ಸೇರದು, ಎದ್ದು ಕೂರಲು ಶಕ್ತಿಯಿಲ್ಲ. ಆಳಂದದ ಡಾಕ್ಟರು, ದಿನಾ ಒಂದು ಚಮಚ ಕೆಂಪು ವೈನು ಹೊಟ್ಟೆಗೆ ಹೋಗಲಿ, ಇಲ್ಲದಿದ್ದರೆ ಕಷ್ಟ ಎಂದರು. ಜನ ಹೈದರಾಬಾದ್ ಸಂಸ್ಥಾನದ ಗಡಿ ದಾಟಲು ಹೆದರುವ ಕಾಲ. ಕಾಕಾ ಅಡ್ಡದಾರಿ ಹಿಡಿದು ಸೊಲ್ಲಾಪುರಕ್ಕೆ ಹೋಗಿ, ಅದೇ ಅಗ್ಗದ ವೈನು ತಂದ.

ಕಾಕಿ ಬಾಯಿ ಬಿಗಿಹಿಡಿದಳು.

"ಔಷಧ ಅಂತ ತಿಳಕೊಂಡು ಕುಡಿ ಬೇ."

"ಇಷ್ಟು ವರ್ಷ ನೀವು ಉಗುಳಿದ ಮಾಲು ನಾ ನುಂಗಬೇಕೇನ್ರಿ?"

ನನಗೆ ನಗು ಬಂತು. ಕಾಕಾನಿಗೆ ಬರಲಿಲ್ಲ. ಚಮಚದ ವೈನನ್ನು ತನ್ನ ಬಾಯಿಗೇ ಹಾಕಿಕೊಂಡ. ರೂಢಿಯಂತೆ ಅಂಗಳಕ್ಕೆ ಹೊರಡುತ್ತಾನೆಂದು ನಾನು ಬಾಗಿಲು ಬಿಟ್ಟು ಸರಿದೆ. ಅವನು ಕದಲಲಿಲ್ಲ. ಕಾಕಿಯನ್ನೇ ನೋಡುತ್ತ ನಿಂತ. ಗಂಟಲಮಣಿ ಒಮ್ಮೆ ಮೇಲೆ ಹೋಗಿ ಕೆಳಗಿಳಿಯಿತು.

ಕಾಕಿ ಗಾಬರಿಯಾಗಿ ತಲೆ ಎತ್ತಿದಳು. "ಆಣಿ ಮುರದ್ರಲ್ರೀ!"

"ಮುರದೆ. ಇನ್ನ ನೀ ಒಬ್ಬಾಕಿನೇ ನುಂಗಿದಂಗಾಗೂದಿಲ್ಲ."

ಆಮೇಲೆ, ಆ ಜ್ವರದಲ್ಲೂ, ಅವಳು ತುಟಿಯ ಅಂಚಿನಲ್ಲಿ ನಕ್ಕಳು.

"ಹೆಂಗದರಿ ರುಚಿ?"

ಮಜ್ಜಿಗೆಯಲ್ಲಿ ಸಿಟ್ಟನ್ನು ಹುಡುಕಿ ತೆಗೆಯುತ್ತಿದ್ದ ಕಾಕಾ ಚಮಚವನ್ನು ಮತ್ತೆ ತುಂಬಿದ. ಅವಳ ತುಟಿಯ ಹತ್ತಿರ ಹಿಡಿದ.

"ಗೊತ್ತಾಗ್ಲಿಲ್ಲ ಬೇ," ಅಂದ. "ನೀ ಹೇಳು."

ಕಾಕಿ ಬಾಯಿ ತೆರೆದಳು.