ಒಂದು ಹಿಡಿ ಸಾಫ್ಟ್‌ವೇರ್

ಬ್ಯಾಡಗಿಯಲ್ಲಿರುವ ನಮ್ಮ ಕಾಕಾನ ಮನೆಯ ಮುಂಗೋಡೆಯ ಮೇಲೆ, ಬಾಗಿಲಿನ ಎಡಕ್ಕೆ, ಗೇಣಗಲದ ಏಳು ಬಣ್ಣದ ಚೌಕಗಳಿವೆ. ತಿಳಿಹಸಿರು, ಹಳದಿ, ಕೇಸರಿ, ಎರಡು ಬಗೆಯ ನೀಲಿ, ಒಂದು ಗುಲಾಬಿ. ಏಳನೆಯದು ಯಾವ ಬಣ್ಣವೆಂದು ಈಗ ಬಿಸಿಲೇ ಹೇಳಬೇಕು. ಉಳಿದ ಗೋಡೆಗೆ ಬಣ್ಣವಿಲ್ಲ.

ನಮ್ಮ ಕಾಕಾ ಬದುಕಿನಲ್ಲಿ ಏನನ್ನೂ ಕೊಂಡವನಲ್ಲ ಎಂದರೆ ನೀವು ಅವನನ್ನು ಜಿಪುಣನೆಂದು ತಿಳಿಯಬಾರದು. ಅವನು ಸ್ಯಾಂಪಲ್ ನೋಡುತ್ತಾನೆ, ಅಷ್ಟೆ!

ತಪ್ಪು ಅವನ ಕಸುಬಿನದು. ಸುಗ್ಗಿಯ ತಿಂಗಳುಗಳಲ್ಲಿ ಅವನು ಮಾರುಕಟ್ಟೆಯ ಒಂದು ದಲಾಲಿ ಅಂಗಡಿಗೆ ಮೆಣಸಿನಕಾಯಿ ನೋಡಿಕೊಡುತ್ತಾನೆ. ಚೀಲದೊಳಗೆ ಮೊಳಕೈವರೆಗೂ ಕೈಹಾಕಿ ಒಂದು ಹಿಡಿ ಎತ್ತುತ್ತಾನೆ. ಸುಕ್ಕು ನೋಡಿ, ಮುರಿದು, ಮೂಸಿ, ಅಂಗೈಗೆ ತಿಕ್ಕಿ ಬಣ್ಣ ಪರೀಕ್ಷಿಸುತ್ತಾನೆ. ತೂಕ ಬರಲೆಂದು ಯಾರಾದರೂ ಕಾಯಿಗೆ ನೀರು ಹೊಡೆದಿದ್ದರೆ ಚೀಲದ ಹತ್ತಿರ ಹೋಗುವ ಮೊದಲೇ ಅವನ ಮೂಗು ಅರಳುತ್ತದೆ. ಅಲ್ಲಿ ಅವನ ಕೆಲಸ ನೋಡುವುದು, ಕೊಳ್ಳುವವರು ಬೇರೆ. ಈ ಅಭ್ಯಾಸ ಅವನ ಜೊತೆ ಮನೆಗೂ ಬಂದುಬಿಟ್ಟಿದೆ. ಮನೆಯಲ್ಲಿ ನೆಲಕ್ಕೆ ಹಾಸುವ ಫರಸಿಕಲ್ಲಿನ ಐದು ಬಗೆಯ ತುಂಡುಗಳಿವೆ, ನೆಲಕ್ಕೆ ಫರಸಿ ಇಲ್ಲ. ಪರದೆ ಬಟ್ಟೆಯ ಚೂರುಗಳನ್ನು ಕೂಡಿಸಿ ಅವನ ಹೆಂಡತಿ, ನಮ್ಮ ಚಿಗವ್ವ, ಒಂದು ಕೌದಿಯನ್ನೇ ಹೊಲಿದಿದ್ದಾಳೆ, ಕಿಟಕಿಗೆ ಪರದೆ ಇಲ್ಲ.

ಹಾಗಾದರೆ ಮದುವೆ ಹೇಗಾಯಿತು ಎನ್ನುತ್ತೀರಾ? ಅದನ್ನು ಚಿಗವ್ವನ ಬಾಯಿಂದಲೇ ಕೇಳಬೇಕು.

"ಕನ್ಯಾ ನೋಡಾಕ ಬಂದ್ರು, ಉಪ್ಪಿಟ್ಟು ತಿಂದ್ರು, ಮತ್ತೊಮ್ಮೆ ಬರ್ತೇವಿ ಅಂದ್ರು. ಮತ್ತೊಮ್ಮೆ ಬಂದ್ರು, ಮತ್ತ ಉಪ್ಪಿಟ್ಟು ತಿಂದ್ರು. ಮೂರನೇ ಸಲಕ್ಕ ನಾನಽ ಹೊರಗ ಬಂದೆ. ಇನ್ನ ಉಪ್ಪಿಟ್ಟು ಬೇಕಂದ್ರ ತಾಳಿ ತಗೊಂಡು ಬರ್ರಿ ಅಂದೆ!"

ಇಂಥ ಮನುಷ್ಯನ ಕೈಯಲ್ಲಿ ಒಮ್ಮೆ ನನ್ನ ಇಡೀ ಮುಂದಿನ ಬದುಕು ಸಿಕ್ಕಿಕೊಂಡಿತು.

ಧಾರವಾಡದಲ್ಲಿ ಎಂ.ಎ. ಮುಗಿಸಿ, ಜೊತೆಗೆ ಕಂಪ್ಯೂಟರಿನಲ್ಲಿ ಟೈಪಿಂಗ್ ಕಲಿತು ಹಾವೇರಿಯ ಮನೆಗೆ ಬಂದಿದ್ದೆ. ಅಪ್ಪ ಹೈಸ್ಕೂಲು ಮಾಸ್ತರರು. ಎಂ.ಎ. ಆದವರು ಬಿ.ಎಡ್. ಮಾಡುವುದು, ಬಿ.ಎಡ್. ಆದವರು ಪಾಠ ಹೇಳುವುದು ಅವರ ಲೆಕ್ಕದಲ್ಲಿ ಸೂರ್ಯೋದಯದಷ್ಟೇ ಸಹಜ. ನನಗೋ, ಕಾಲೇಜಿನಲ್ಲಿ ಹಾಜರಿ ಕೂಗಿದಾಗ 'ಎಸ್ ಸರ್' ಅನ್ನುವುದಕ್ಕೇ ಪಕ್ಕದವಳು ತಿವಿಯಬೇಕಿತ್ತು. ಇನ್ನು ತುಂಬಿದ ತರಗತಿಯ ಎದುರು ಸೀಮೆಸುಣ್ಣ ಹಿಡಿದು ನಿಲ್ಲುವುದೇ? ನನ್ನಿಂದ ಆಗದು ಎಂದು ಅಪ್ಪನಿಗೆ ಹೇಳಬಹುದಿತ್ತು. ಆದರೆ ಹೇಳುವುದಕ್ಕೂ ಬಾಯಿ ತೆರೆಯಬೇಕಲ್ಲ!

ಅದೇ ಹೊತ್ತಿಗೆ, ಸುಗ್ಗಿ ಇಲ್ಲದ ತಿಂಗಳುಗಳಲ್ಲಿ ಕಾಕಾ ನಡೆಸುತ್ತಿದ್ದ ಎಸ್.ಟಿ.ಡಿ. ಬೂತ್ ನಿಂತುಹೋಗುವ ಸ್ಥಿತಿಗೆ ಬಂದಿತ್ತು. ಎಲ್ಲರ ಜೇಬಿಗೂ ಮೊಬೈಲ್ ಬಂದು, ಫೋನಿನ ಗಾಜಿನ ಗೂಡಿನಲ್ಲಿ ಚಿಗವ್ವ ಹಪ್ಪಳದ ಡಬ್ಬಿ ಇಡತೊಡಗಿದ್ದಳು. ಸುಗ್ಗಿ ಮುಗಿದ ಒಂದು ಭಾನುವಾರ ಕಾಕಾ ಹಾವೇರಿಗೆ ಬಂದವನೇ, ಒಂದು ಚಪ್ಪಲಿ ಬಿಟ್ಟು ಇನ್ನೊಂದು ಬಿಡುವ ಮೊದಲೇ ಸುದ್ದಿ ಹೇಳಿದ.

"ಅಣ್ಣಾ, ಬೂತಿನ್ಯಾಗ ಡಿ.ಟಿ.ಪಿ. ಸೆಂಟರ್ ತಗ್ಯಾಂವ ಅದೇನಿ. ಲಗ್ನಪತ್ರಿಕಿ, ಬಿಲ್ ಬುಕ್ಕು, ಲೆಟರ್‌ಹೆಡ್ಡು, ಎಲ್ಲಾ ಕಂಪ್ಯೂಟರಿನ್ಯಾಗ ಜೋಡಿಸಿ ಪ್ರೆಸ್ಸಿಗೆ ಕೊಡೂದು. ಕೆಲಸಕ್ಕ ನಮ್ಮ ಮಗಳು ಅದಾಳಲ್ಲ!"

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಯಾರ ಎದುರೂ ನಿಲ್ಲದೆ, ಮೂಲೆಯಲ್ಲಿ ಕೂತು, ಅಕ್ಷರಗಳನ್ನು ಅವುಗಳ ಜಾಗದಲ್ಲಿ ಕೂರಿಸುವ ಕೆಲಸ! ಇಂಥದೊಂದು ಜಗತ್ತಿನಲ್ಲಿ ಇದೆಯೆಂದೇ ನನಗೆ ಹೊಳೆದಿರಲಿಲ್ಲ.

ಅಪ್ಪ ಕನ್ನಡಕ ಒರೆಸಿಕೊಂಡು ಷರತ್ತು ಹಾಕಿದರು. "ಬಿ.ಎಡ್. ಅರ್ಜಿ ತುಂಬೂ ಹೊತ್ತಿಗೆ ಅಂಗಡಿ ಸುರು ಆಗಿದ್ರ ಈಕಿ ಅಲ್ಲಿ ಕುಂದರ್ಲಿ. ಆಗಿರಲಿಲ್ಲಂದ್ರ ಬಿ.ಎಡ್."

ಅಪ್ಪನಿಗೆ ತಮ್ಮನ ಮೇಲೆ ಪೂರ್ತಿ ನಂಬಿಕೆಯಿತ್ತು. ಶುರುವಾಗುವುದಿಲ್ಲ ಎಂಬ ನಂಬಿಕೆ.

ಕಂಪ್ಯೂಟರ್ ಬೇಗ ಬಂತು. ಮುಚ್ಚಿಹೋದ ಒಂದು ಸೈಬರ್ ಕೆಫೆಯಿಂದ ಹಳೆಯದೊಂದನ್ನು, ಜೊತೆಗೊಂದು ಪ್ರಿಂಟರನ್ನು ಚಿಗವ್ವ ಕೊಂಡುತಂದಳು, ಕಾಕಾ ಊರಲ್ಲಿಲ್ಲದ ದಿನ ನೋಡಿಕೊಂಡು! ಉಳಿದದ್ದು ಪುಟ ಜೋಡಿಸುವ ಸಾಫ್ಟ್‌ವೇರ್ ಒಂದೇ. "ಅದನ್ನ ಮಾತ್ರ ನಾನಽ ಆರಸ್ತೇನಿ" ಎಂದ ಕಾಕಾ.

ಮೊದಲು ಹಾವೇರಿಯ ಒಂದು ಕಂಪ್ಯೂಟರ್ ಅಂಗಡಿ.

"ಒಂದ್ ಹಿಡಿ ತೋರಸ್ರಿ" ಎಂದ ಕಾಕಾ.

"ಏನ್ ಹಿಡೀರಿ ಯಜಮಾನ್ರ?"

"ಸಾಫ್ಟ್‌ವೇರು."

ಅಂಗಡಿಯವರು ಹೊರದೇಶದ ದೊಡ್ಡ ಸಾಫ್ಟ್‌ವೇರೊಂದರ ಬೆಲೆ ಹೇಳಿದರು. ಆ ಬೆಲೆಯಲ್ಲಿ ಮನೆಗೆ ಏಳೂ ಬಣ್ಣಗಳನ್ನು ಒಂದರ ಮೇಲೊಂದು ಬಳಿಸಬಹುದಿತ್ತು. ನಮ್ಮ ಮುಖ ನೋಡಿ ಅವರು ದನಿ ತಗ್ಗಿಸಿದರು. "ಒರಿಜಿನಲ್ ಯಾರ್ ತಗೋತಾರ್ರಿ? ಕಾಪಿ ಸೀಡಿ ಐತಿ. ನೂರೈವತ್ತು ಕೊಡ್ರಿ ಸಾಕು."

ಕಾಕಾ ಸೀಡಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿದ. ಆಮೇಲೆ, ದೇವರಾಣೆ, ಮೂಸಿ ನೋಡಿದ!

"ನೀರು ಹೊಡದಾರ."

"ಸೀಡಿಗೆ ಯಾರ್ ನೀರು ಹೊಡೀತಾರ್ರೀ!"

"ಕಳುವಿನ ಮಾಲು ಅಂದ್ರ ನೀರು ಹೊಡದಾಂಗಽ. ನಡಿ ಮಗಳ."

ಎರಡನೆಯದು ಪುಕ್ಕಟೆಯದು. ರಾಣೇಬೆನ್ನೂರಿನಲ್ಲಿ ನನ್ನ ಗೆಳತಿಯ ಮನೆಯಲ್ಲಿ ಇಂಟರ್ನೆಟ್ ಇತ್ತು. ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಸಾಫ್ಟ್‌ವೇರೊಂದನ್ನು ಅಲ್ಲಿ ಹುಡುಕಿ ಇಳಿಸಿದೆವು. ಪುಕ್ಕಟೆ ಎಂದ ಕೂಡಲೇ ಕಾಕಾ ಅನುಮಾನದಿಂದ ಎದ್ದು ನಿಂತ. ಅವನು ಕೂತರೂ ಎದ್ದ ಹಾಗೆಯೇ, ಕಾಲು ಒಂದು ನಿಮಿಷ ಸುಮ್ಮನಿರುವುದಿಲ್ಲ. ನಾನು 'ಶ್ರೀ ಲಕ್ಷ್ಮೀ ಪ್ರಸನ್ನ' ಎಂದು ಬೆರಳಚ್ಚು ಮಾಡಿದೆ. ಪರದೆಯ ಮೇಲೆ ಒತ್ತಕ್ಷರಗಳು ಒಂದೂ ಕೆಳಗಿಳಿಯದೆ, ಬಸ್ಸಿಗೆ ಕಾದವರ ಹಾಗೆ ಸಾಲಾಗಿ ನಿಂತವು.

"ಹಿಂಗ್ಯಾಕ ಉದುರ್ಯಾವು?"

"ಇದಕ್ಕ ಕನ್ನಡದ ಒತ್ತು ಕೂಡಸಾಕ ಬರೂದಿಲ್ಲ ಕಾಕಾ."

"ಲಕ್ಷ್ಮೀನ್ನ ಚೂರು ಚೂರು ಮಾಡಿ ಅಂಗಡಿ ಪೂಜಿ ಮಾಡ್ಲೇನು? ಮುಚ್ಚದನ್ನ!"

ಮೂರನೆಯದು ಬಂದಾಗ ಕಾಕಾನ ಆನಂದಕ್ಕೆ ಮಿತಿಯಿರಲಿಲ್ಲ. ಒಂದು ಕಂಪನಿಯವರು ತಮ್ಮ ಸಾಫ್ಟ್‌ವೇರನ್ನು ಒಂದು ತಿಂಗಳು ಬಳಸಿ ನೋಡಿ, ಆಮೇಲೆ ಕೊಳ್ಳಿ ಎಂದು ಟ್ರಯಲ್ ಸೀಡಿ ಹಂಚುತ್ತಿದ್ದರು. ಇಡೀ ತಿಂಗಳ ಸ್ಯಾಂಪಲ್! ಇಂಥ ಸಜ್ಜನರು ಫರಸಿಯ ವ್ಯಾಪಾರದಲ್ಲಿ ಯಾಕಿಲ್ಲ ಎಂದು ಅವನು ದಾರಿಯುದ್ದಕ್ಕೂ ಮರುಗಿದ. ಬ್ಯಾಡಗಿಗೆ ಬಂದವನೇ ನೆರೆಮನೆಯ ಗಿರಣಿಯವರ ಮಗನ ಲಗ್ನಪತ್ರಿಕೆಯ ಕೆಲಸ ಹಿಡಿದ. ನಾನು ಎರಡು ದಿನ ಕೂತು ಜೋಡಿಸಿದೆ. ಪರದೆಯ ಮೇಲೆ ಚೆನ್ನಾಗಿಯೇ ಇತ್ತು. ಪ್ರಿಂಟರಿನಿಂದ ಹಾಳೆ ಹೊರಬಂದಾಗ ನೋಡಿದರೆ ವರನ ಹೆಸರಿನಿಂದ ವಧುವಿನ ಹೆಸರಿನವರೆಗೆ ಅಡ್ಡಡ್ಡಲಾಗಿ, ಬೂದುಬಣ್ಣದ ದಪ್ಪ ಇಂಗ್ಲಿಷ್ ಅಕ್ಷರಗಳಲ್ಲಿ, 'ಟ್ರಯಲ್'!

ಗಿರಣಿಯವರು ಹಾಳೆಯನ್ನು ದೂರ ಹಿಡಿದು ಓದಿದರು, ಹತ್ತಿರ ಹಿಡಿದು ಓದಿದರು.

"ಏನ್ರೀ ಇದು? ನನ್ನ ಮಗನ ಮದಿವಿ ಟ್ರಯಲ್ ಏನ್ರಿ?"

ನಾನು ಕಾಕಾನ ತೋಳು ಜಗ್ಗಿದೆ. ತಡವಾಗಿತ್ತು.

"ಒಂದ್ ತಿಂಗಳ ಮಟ್ಟಿಗೆ ಅಷ್ಟಽರಿ" ಎಂದುಬಿಟ್ಟ!

ಆ ಪತ್ರಿಕೆ ರಾಣೇಬೆನ್ನೂರಿನಲ್ಲಿ ಅಚ್ಚಾಯಿತು. ಮದುವೆಯೂಟಕ್ಕೆ ಕರೆದರು, ಪುಣ್ಯ.

ತಿಂಗಳು ಮುಗಿದು ಆ ಸಾಫ್ಟ್‌ವೇರ್ ಬಾಗಿಲು ಹಾಕಿಕೊಂಡಿತು. ಕಾಕಾ ಇನ್ನೊಂದು ಕಂಪನಿಯ ಟ್ರಯಲ್ ತಂದ. ಮೊದಲನೆಯದರಲ್ಲಿ ನಾನು ಮಾಡಿದ್ದ ಪುಟಗಳು ಇದರಲ್ಲಿ ತೆರೆಯಲಿಲ್ಲ. "ಮತ್ತ ಮಾಡಿದ್ರಾತು, ಕೈ ಪಳಗ್ತೈತಿ" ಎಂದ. ನನಗೆ ನಿದ್ದೆ ಕಡಿಮೆಯಾಯಿತು. ಬೆಳಿಗ್ಗೆ ಬ್ಯಾಡಗಿಯ ಬಸ್ಸು, ಸಂಜೆ ಹಾವೇರಿಯ ಬಸ್ಸು. ಮನೆಗೆ ಬಂದರೆ ಅಪ್ಪ ದಿನಪತ್ರಿಕೆಯಲ್ಲಿ ಬಿ.ಎಡ್. ಪ್ರಕಟಣೆಯ ಪುಟವನ್ನು ಮಡಚಿ ನನಗೆ ಕಾಣುವ ಹಾಗೆ ಇಟ್ಟಿರುತ್ತಿದ್ದರು.

ಕೊನೆಗೆ ಹೋದದ್ದು ರಾಣೇಬೆನ್ನೂರಿನ ಬಸ್‌ಸ್ಟ್ಯಾಂಡಿನ ಹಿಂದಿದ್ದ ಒಂದು ಸಣ್ಣ ಅಂಗಡಿಗೆ. ಅಲ್ಲಿದ್ದದ್ದು ಕನ್ನಡಕ್ಕಾಗಿಯೇ ಮಾಡಿದ ಸಾಫ್ಟ್‌ವೇರ್. ದೊಡ್ಡದರ ಬೆಲೆಯ ಕಾಲುಭಾಗವೂ ಇಲ್ಲ. ಅದರ ಜೊತೆ ಹೆಬ್ಬೆರಳಿನಷ್ಟು ದೊಡ್ಡ ಬೀಗವೊಂದನ್ನು ಕೊಡುತ್ತಾರೆ. ಅದನ್ನು ಕಂಪ್ಯೂಟರಿನ ಹಿಂದೆ ಸಿಕ್ಕಿಸಿದರೆ ಮಾತ್ರ ಸಾಫ್ಟ್‌ವೇರ್ ತೆರೆಯುತ್ತದೆ. ನಾನು ಕೂತೆ. ಒತ್ತುಗಳು ತಮ್ಮ ತಮ್ಮ ಜಾಗಕ್ಕೆ ಇಳಿದವು. ಕಾಲಮ್ಮುಗಳು ಗೆರೆ ಹೊಡೆದಂತೆ ನಿಂತವು. ಬೆನ್ನ ಹಿಂದೆ ಕಾಕಾ ಅಂಗಡಿಯವರ ತಲೆ ತಿನ್ನುತ್ತಿದ್ದದ್ದು ಎಲ್ಲೋ ದೂರದಲ್ಲಿ ಕೇಳಿಸುತ್ತಿತ್ತು.

"ಬೀಗ ಕಳದ್ರ?"

"ಕಳೀಬ್ಯಾಡ್ರಿ."

"ಇಲಿ ಒಯ್ದ್ರ?"

"ಇಲಿಗೆ ಡಿ.ಟಿ.ಪಿ. ಬರೂದಿಲ್ರಿ ಕಾಕಾರ!"

ಕೊನೆಗೆ ಕಾಕಾ ಎದ್ದು, "ಮತ್ತೊಮ್ಮೆ ಬರ್ತೇವ್ರಿ" ಎಂದ.

ಚಿಗವ್ವನ ಉಪ್ಪಿಟ್ಟು ನನ್ನ ಕಣ್ಣ ಮುಂದೆ ಬಂತು. ಬಸ್‌ಸ್ಟ್ಯಾಂಡಿನಲ್ಲಿ ಅವನು ಮುಂದಿನ ವಾರ ದಾವಣಗೆರೆಗೆ ಹೋಗಿ ಇನ್ನೊಂದು ನೋಡಬೇಕೆಂದು ಹೇಳುತ್ತಿದ್ದಾಗ ನನ್ನ ಬಾಯಿ ತಾನಾಗಿ ತೆರೆಯಿತು.

"ಕಾಕಾ, ನಾಳಿ ಸಂಜೀಕ ಅಪ್ಪ ಅರ್ಜಿ ತುಂಬತಾರ. ನನ್ನಿಂದ ಪಾಠಾ ಹೇಳಾಕ ಆಗಾಂಗಿಲ್ಲ. ನನಗ ಜನರ ಮುಂದ ನಿಂದ್ರಾಕ ಆಗಾಂಗಿಲ್ಲ."

ಅಷ್ಟು ದಿನಗಳಲ್ಲಿ ನಾನು ಆಡಿದ ಅತಿ ದೊಡ್ಡ ಭಾಷಣ ಅದು. ಕಾಕಾನ ಕಾಲು ಅಲುಗಾಡುವುದು ನಿಂತಿತು. ಹಾವೇರಿ ಬಸ್ಸು ಬಂದಾಗ ನನ್ನನ್ನು ಹತ್ತಿಸಿದ, ಕಿಟಕಿಯಿಂದ ಒಂದು ನೀರಿನ ಬಾಟಲಿ ಕೊಟ್ಟ, ತಾನು ಹತ್ತಲಿಲ್ಲ. ಕಾಕಾ ಸುಮ್ಮನಿರುವುದನ್ನು ನಾನು ಅದೇ ಮೊದಲು ನೋಡಿದ್ದು. ದಾರಿಯುದ್ದಕ್ಕೂ ನನಗೆ ಅದರದೇ ಭಯ.

ಮರುದಿನ ಸಂಜೆ ಅಪ್ಪ ಅರ್ಜಿಯನ್ನು ಟೇಬಲ್ಲಿನ ಮೇಲೆ ಹರಡಿ, ಪೆನ್ನಿನ ಟೊಪ್ಪಿಗೆ ತೆಗೆದಿದ್ದರು. ಕಾಕಾ ಬಂದ. ಕಂಕುಳಲ್ಲಿ ಒಂದು ಡಬ್ಬಿ.

"ಇದು ಎಷ್ಟನೇ ಸ್ಯಾಂಪಲ್ಲೋ?" ಎಂದರು ಅಪ್ಪ.

"ಸ್ಯಾಂಪಲ್ ಅಲ್ಲಣ್ಣ. ತಗೊಂಡೇನಿ."

ಅವ್ವ ಸೌಟು ಹಿಡಿದುಕೊಂಡೇ ಹೊರಗೆ ಬಂದಳು. ಅಪ್ಪ ಡಬ್ಬಿಯನ್ನು ತಿರುಗಿಸಿ ನೋಡಿದರು. ಸೀಲು ಒಡೆದಿರಲಿಲ್ಲ.

"ಎಲ್ಲಾದಕ್ಕಿಂತ ಸೋವಿ ಅಂತ ತಗೊಂಡೇನು?"

"ಇದಕ್ಕಿಂತ ಸೋವಿದು ಇತ್ತು. ಪುಕ್ಕಟೇದೂ ಇತ್ತು."

"ಮತ್ತ ಹೆಂಗ ಆರಿಸ್ದಿ? ನಿನಗೇನ್ ತಿಳೀತೈತಿ ಅದರಾಗ?"

"ನನಗೇನೂ ತಿಳ್ಯಾಂಗಿಲ್ಲ" ಎಂದ ಕಾಕಾ. "ಖರೇ ಹೇಳ್ಬೇಕಂದ್ರ ನಾ ಅವನ್ನ ನೋಡಽ ಇಲ್ಲ. ಎಲ್ಲಾ ಕಡೆ ಈಕೀನ್ನ ನೋಡಿದ್ನಿ. ಕೇಳಿದ್ರ ಈಕಿ ಬಾಯಿಬಿಟ್ಟು ಹೇಳಾಕಿ ಅಲ್ಲ. ಉಳಿದ ಕಡೆ ಕುಂತಲ್ಲೇ ಬಾಗಲಾ ನೋಡ್ತಿದ್ಲು. ನಿನ್ನಿ ಅಂಗಡ್ಯಾಗ ಚಾ ತರಿಸಿಕೊಟ್ರು. ಆ ಚಾ ಆರಿ ಕೆನಿ ಕಟ್ತು, ಈಕಿಗೆ ಗೊತ್ತಽ ಆಗ್ಲಿಲ್ಲ. ಕಡೀಕ ನಾನಽ ಕುಡದೆ."

"ಮತ್ತ ನಿನ್ನೇನಽ ಯಾಕ ತಗೋಲಿಲ್ಲ?"

ಕಾಕಾ ತಲೆ ಕೆರೆದುಕೊಂಡ. "ಚಟಾ ಅಣ್ಣ. ಒಮ್ಮೆಲೆ ಹೂಂ ಅಂದು ರೂಢಿ ಇಲ್ಲ."

ಅಪ್ಪ ಪೆನ್ನಿನ ಟೊಪ್ಪಿಗೆಯನ್ನು ಮತ್ತೆ ಹಾಕಿದರು. ನಾನು ಒಳಗೆ ಹೋದೆ. ಅವ್ವ ಹಿಂದೆಯೇ ಬಂದು ನನ್ನ ತೇವಗೊಂಡ ಕಣ್ಣು ನೋಡಿದಳು. ಹೆಚ್ಚಲು ನಾಲ್ಕು ಉಳ್ಳಾಗಡ್ಡಿ ಕೊಟ್ಟಳು. ಅಷ್ಟೊಂದು ಉಳ್ಳಾಗಡ್ಡಿ ಬೇಕಾಗುವ ಅಡುಗೆ ಆ ಸಂಜೆ ನಮ್ಮ ಮನೆಯಲ್ಲಿ ಇರಲಿಲ್ಲ.

ಮಾರನೆಯ ಬೆಳಿಗ್ಗೆ ಮೊದಲ ಬಸ್ಸಿಗೆ ಬ್ಯಾಡಗಿಗೆ ಹೋದೆ. ಅಂಗಡಿ ಗುಡಿಸಿ ಕಂಪ್ಯೂಟರ್ ಹಚ್ಚುವಷ್ಟರಲ್ಲಿ ಗುತ್ತಲದ ಬೀಜದ ವ್ಯಾಪಾರಿಯೊಬ್ಬರು ಲೆಟರ್‌ಹೆಡ್ ಮಾಡಿಸಲು ಬಂದರು. ಅವರು ಕಾಕಾನ ಕಡೆ ನೋಡುತ್ತ, "ಯಾರ್ರೀ ಮಾಡವ್ರು?" ಎಂದು ಕೇಳಿದರು. ಕಾಕಾ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತೆ. "ನಾನ್ರೀ. ಕುಂದ್ರಿ, ಅಂಗಡಿ ಹೆಸರು ಹೇಳ್ರಿ" ಎಂದು ಅವರಿಗೆ ಕುರ್ಚಿ ಸರಿಸಿದೆ.